ಮೂರು ಬೆಳೆಗೆ ಹಿಡಿದ ಮನೆ

ಧನುಷ್, ಮೇಘಾ,

ಕಳೆದ ಭಾನುವಾರ ನೀವಿಬ್ಬರೂ ನಂಜನಗೂಡಿಗೆ, ನಿಮ್ಮ ಸವಿತತ್ತೆಯ ಬಾಡಿಗೆ ಮನೆಗೆ ಬಂದಿದ್ದಿರಲ್ಲ, ಆಗ ಹಿತ್ತಲಿನ ಬಾಳೆ ಎಲೆ ಹರಿದು ಪೀಪಿ ಮಾಡಲು ಹೊರಟಿರಿ. ನಾನು "ಅಯ್ಯೋ!" ಎಂದು ಕೂಗಿದ ರಭಸಕ್ಕೆ ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಸಾಮಾನ್ಯವಾಗಿ ನಾನು ಮಾತನಾಡಿದರೆ ಪಕ್ಕದಲ್ಲಿ ಕುಳಿತವರಿಗೂ ಕೇಳುವುದಿಲ್ಲ. ಅಂಥ ಅಜ್ಜಿ ಒಂದು ಎಲೆಗೆ ಹೀಗೇಕೆ ಕೂಗಿದಳು ಎಂದು ಧನುಷ್ ಕೇಳಿದ. ಎದುರಿಗೆ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಅದು ಬರೀ ಗಿಡವಲ್ಲ ಮಕ್ಕಳೇ. ನಿಮ್ಮತ್ತೆಯ ಮನೆಯ ಕರಾರುಪತ್ರ ಅದು!

ಸವಿತಾ ಬಿ.ಎ. ಮುಗಿಸಿ ಮೈಸೂರಿನಲ್ಲಿ ಲಾ ಓದಲು ಸೇರಿದಳು. ಮೂರು ವರ್ಷದ ಓದು. ಹಾಸ್ಟೆಲ್ ತುಂಬಿಹೋಗಿತ್ತು. ನಮ್ಮ ಹೆಮ್ಮಿಗೆಯಿಂದ ದಿನಾ ಹೋಗಿ ಬರೋಣವೆಂದರೆ, ನಮ್ಮೂರಿನ ಬಸ್ಸು ತನಗೆ ಮನಸ್ಸು ಬಂದಾಗ ಬರುವಂಥದ್ದು. ಅದನ್ನು ನಂಬಿಕೊಂಡರೆ ಅವಳು ವಕೀಲೆಯಾಗುವ ಹೊತ್ತಿಗೆ ನ್ಯಾಯಾಧೀಶರೆಲ್ಲ ನಿವೃತ್ತರಾಗಿರುತ್ತಾರೆ. ಮೈಸೂರಿನ ಮನೆಗಳು ನಮ್ಮ ಕೈಗೆ ಎಟುಕುವುದಿಲ್ಲ. ನಂಜನಗೂಡಿನಲ್ಲಾದರೆ ಸಣ್ಣ ಮನೆ ಸಿಗುತ್ತದೆ, ಬೆಳಗಿನ ರೈಲು ಹತ್ತಿದರೆ ಪಾಠದ ಹೊತ್ತಿಗೆ ಕಾಲೇಜು. ಹೀಗೆಂದು ತೀರ್ಮಾನವಾಯಿತು. ಉಳಿದದ್ದು ಒಂದೇ ಪ್ರಶ್ನೆ: ಮನೆಯನ್ನು ಎಷ್ಟು ಅವಧಿಗೆ ಹಿಡಿಯುವುದು?

ಇದೂ ಒಂದು ಪ್ರಶ್ನೆಯೇ ಎಂದು ನಾನು ಅಂದುಕೊಂಡೆ. ನಿಮ್ಮ ತಾತ ಇದ್ದಾಗ ಸೋಸಲೆಯವರ ಗದ್ದೆಯನ್ನು ಭೋಗ್ಯಕ್ಕೆ ಹಿಡಿಯುತ್ತಿದ್ದೆವು. ಭೋಗ್ಯ ಎಂದರೆ ಒಡೆಯರಿಗೆ ಒಂದಿಷ್ಟು ಒಟ್ಟಿಗೆ ಕೊಟ್ಟು, ಮಾತಿನ ಅವಧಿ ಮುಗಿಯುವ ತನಕ ಗದ್ದೆಯನ್ನು ನಮ್ಮದರಂತೆಯೇ ಉಳುವುದು. ಅವಧಿಯನ್ನು ಯಾರೂ ತಿಂಗಳಲ್ಲಿ ಹೇಳುತ್ತಿರಲಿಲ್ಲ. 'ಎರಡು ಬೆಳೆಗೆ', 'ನಾಲ್ಕು ಬೆಳೆಗೆ' ಎಂದರೆ ಮುಗಿಯಿತು. ಗದ್ದೆ ಕೈಗೆ ಬಂದ ದಿನದಿಂದ ಬದುವಿನ ಮೇಲಿನ ತೆಂಗು, ಬಾಳೆ, ನುಗ್ಗೆ ಎಲ್ಲದರ ಫಲವೂ ಹಿಡಿದವರದೇ. ಮೊದಲ ಫಲದಲ್ಲಿ ಅರ್ಧವನ್ನು ಒಡೆಯರ ಮನೆಗೆ ಕಳಿಸುವುದು ಮರ್ಯಾದೆ. ಇಷ್ಟು ಅನುಭವವಿದ್ದ ನನಗೆ ಎರಡು ಕೋಣೆಯ ಮನೆ ಯಾವ ಲೆಕ್ಕ!

ಆದರೆ ಮನೆಯಲ್ಲಿ ಸಭೆ ಸೇರಿತು. ನಿಮ್ಮಪ್ಪ ಬಸ್ಸಿನ ಕಂಡಕ್ಟರ್ ಅಲ್ಲವೇ, ಯಾವ ವಿಷಯಕ್ಕೂ ಟಿಕೆಟ್ ಹರಿದಂತೆ ಉತ್ತರ ಕೊಡುತ್ತಾನೆ. "ಅನ್ನೊಂದು ತಿಂಗಳು. ಎಲ್ಲಾರೂ ಅಂಗೇ ಮಾಡೋದು. ಮುಂದಕ್ಕೆ ನೋಡ್ಕೊಳದು" ಎಂದ. ಪಕ್ಕದ ಮನೆಯ ಪುಟ್ಟತಾಯಮ್ಮ ಮೊರದಲ್ಲಿ ಅಕ್ಕಿ ಕೇರುತ್ತಲೇ ಒಳಗೆ ಬಂದಳು.

"ಮೂರ್ ವರ್ಸಕ್ಕೆ ಮಾತ್ರ ಇಡೀಬ್ಯಾಡ ಕಣಕ್ಕ. ಮೂರ್ ವರ್ಸ ಮದ್ವೆ ಮಾಡಾಕಿಲ್ಲ ಅಂತ ಊರಿಗೆಲ್ಲ ಡಂಗೂರ ಒಡ್ದಂಗಾಯ್ತದೆ!"

"ಮನೆ ಬಾಡಿಗೇಗೂ ಮದುವೆಗೂ ಏನಕ್ಕ ಸಂಬಂಧ?" ಎಂದಳು ಸವಿತಾ.

"ಗಂಡಿನ ಕಡೆಯೋರು ಮೊದ್ಲು ಕೇಳೋದೇ ಅದ್ನ ಕಣವ್ವ. ನಿಂಗೇನ್ ಗೊತ್ತು!"

ಸವಿತಾ ಆಗಷ್ಟೇ ಒಂದು ವಾರ ಕಾಲೇಜಿಗೆ ಹೋಗಿ ಬಂದಿದ್ದಳು. ಆದರೆ ಮಾತು ಸುಪ್ರೀಂ ಕೋರ್ಟಿನದು. "ನೋಡಮ್ಮ, ಮನೆ ಕೊಟ್ಟೋರು ನನ್ನನ್ನು ಮೂರು ವರ್ಷ ಬಿಡಿಸೋ ಹಾಗಿರಬಾರದು. ನಾನು ಮಾತ್ರ ಯಾವಾಗ ಬೇಕಾದ್ರೂ ಬಿಡೋ ಹಾಗಿರಬೇಕು" ಎಂದಳು. ಇಂಥ ನ್ಯಾಯವನ್ನು ನಾನು ನನ್ನ ಅತ್ತೆಯ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಆ ಸಂಜೆ ಒಲೆಯ ಮುಂದೆ ಕುಳಿತಾಗ ಅವಳು ಮೆಲ್ಲಗೆ ಕೇಳಿದಳು: "ಅಮ್ಮಾ, ನೀನು ಎಷ್ಟಕ್ಕೆ ಹಿಡೀಬೇಕು ಅಂತೀಯ? ನಾನು ಮೂರು ವರ್ಷ ಓದಿ ಮುಗಿಸ್ತೀನಿ ಅಂತ ನಿನಗಾದ್ರೂ ನಂಬಿಕೆ ಇದೆಯಾ?"

'ಇದೆ' ಎನ್ನಬೇಕಿತ್ತು. ನಾನು ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದೆ! ಮನಸ್ಸಿನಲ್ಲಿರುವುದು ಬಾಯಿಗೆ ಬರುವಷ್ಟರಲ್ಲಿ ದಾರಿ ತಪ್ಪುವುದು ನನ್ನ ಹುಟ್ಟುಗುಣ. ಅವಳು ಎದ್ದುಹೋದಳು. ಅಂದಿನಿಂದ ಈ ಅವಧಿ ಎಂಬುದು ನನ್ನ ಎದೆಯ ಮೇಲೆ ಒರಳುಕಲ್ಲಿನಂತೆ ಕುಳಿತಿತು. ಹನ್ನೊಂದು ತಿಂಗಳು ಎಂದರೆ ಮಗಳ ಓದಿನ ಮೇಲೆ ನಂಬಿಕೆ ಇಲ್ಲದ ತಾಯಿ. ಮೂರು ವರ್ಷ ಎಂದರೆ ಮಗಳ ಮದುವೆ ಮರೆತ ತಾಯಿ.

ಮನೆಯೂ ಸುಲಭಕ್ಕೆ ಸಿಗಲಿಲ್ಲ. ನಿಮ್ಮಪ್ಪನ ಜೊತೆ ಹೋಗಿ ಮೂರು ಮನೆ ನೋಡಿದೆ. ಮೂರು ಕಡೆಯೂ ಮೊದಲು ಊರು ಕೇಳಿದರು, ಆಮೇಲೆ ಬೀದಿ ಕೇಳಿದರು, ಆಮೇಲೆ "ಯಾವ ಜನ?" ಎಂದು ಕೇಳಿದರು. ಹೇಳಿದ ಮೇಲೆ ಮೂವರಿಗೂ, ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ ಎಂಬುದು ಒಟ್ಟೊಟ್ಟಿಗೇ ನೆನಪಾಯಿತು! ನಾಲ್ಕನೆಯದು ಅಕ್ಕಿ ಮಂಡಿಯ ಶಿವಣ್ಣನವರ ಮನೆ. ಮುಂದೆ ಅವರ ಮನೆ, ಹಿಂದೆ ಬಾಡಿಗೆಯ ಎರಡು ಕೋಣೆ, ನಡುವೆ ಹಿತ್ತಲು. ಫೋನಿನಲ್ಲಿ ಅವರು ನಿಮ್ಮಪ್ಪನಿಂದ ನಮ್ಮ ಊರು, ಜನ ಎಲ್ಲ ಕೇಳಿಸಿಕೊಂಡು, "ಓದೋ ಮಗಳಿಗೆ ತಾನೆ? ಬನ್ನಿ, ಎಷ್ಟ್ ದಿನಕ್ಕೆ ಅಂತ ಮಾತಾಡವ" ಎಂದಿದ್ದರಂತೆ.

ಹೋಗಬೇಕಾದ ದಿನ ನಿಮ್ಮಪ್ಪನಿಗೆ ಡ್ಯೂಟಿ, ಸವಿತಾಗೆ ಕಾಲೇಜು. ಅವಳು ಸಂಜೆ ರೈಲಿಗೆ ನೇರ ಅಲ್ಲಿಗೇ ಬರುವುದೆಂದು ಮಾತಾಯಿತು. ಉಳಿದವಳು ನಾನು. ನಿಮ್ಮ ತಾತ ಇರುವ ತನಕ ನನ್ನ ಬಾಯಿ ಅವರೇ ಆಗಿದ್ದರು. ಅಂಗಡಿಯವನಿಗೆ ಬೆಲ್ಲ ಬೇಕು ಎನ್ನಬೇಕಾದರೂ ನಾನು ಅವರ ಮುಖ ನೋಡುತ್ತಿದ್ದೆ. ಹಾಗಿದ್ದವಳಿಗೆ ಸವಿತಾ ಒಂದು ವಾಕ್ಯ ಬಾಯಿಪಾಠ ಮಾಡಿಸಿದಳು: "ಹನ್ನೊಂದು ತಿಂಗಳಿಗೆ ಬರೆಯಿರಿ, ಮೂರು ವರ್ಷದವರೆಗೆ ಮುಂದುವರಿಸುವ ಷರತ್ತು ಇರಲಿ." ನರಸೀಪುರದಲ್ಲಿ ಬಸ್ಸು ಬದಲಿಸುವಾಗಲೂ ಅದನ್ನೇ ಜಪಿಸಿದೆ. ಪಕ್ಕದಲ್ಲಿ ಕುಳಿತ ಹೆಂಗಸು ನಾನು ದೇವರ ನಾಮ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡು ಕೈಮುಗಿದಳು.

ಶಿವಣ್ಣನವರು ಜಗುಲಿಯ ಮೇಲೆ ಕುಳಿತಿದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ.

"ಬನ್ನಿ ಕಣವ್ವ, ಕುಂತ್ಕೊಳಿ. ಎಷ್ಟ್ ದಿನಕ್ಕೆ ಬೇಕು ಮನೆ?"

ಒಂದೇ ಒಂದು ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ. ಹನ್ನೊಂದು ತಿಂಗಳೂ ಇಲ್ಲ, ಷರತ್ತೂ ಇಲ್ಲ! ಎಲ್ಲವೂ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲೇ ಇಳಿದುಹೋಗಿದ್ದವು. ಅವರು ಮೀಸೆ ನೀವುತ್ತಾ ಕಾಯುತ್ತಿದ್ದರು. ಕೊನೆಗೆ ನನ್ನ ಬಾಯಿಂದ ಹೊರಬಿದ್ದದ್ದು ಇಷ್ಟು:

"ಮೂರು ಬೆಳೆಗೆ!"

ಶಿವಣ್ಣನವರು ಮೀಸೆ ನೀವುವುದನ್ನು ನಿಲ್ಲಿಸಿದರು.

"ಮೂರ್ ಬೆಳೆಗಾ? ಮನೇನಾ?"

ನಾನು ತಲೆಯಾಡಿಸಿದೆ. ಇನ್ನು ಬೇರೆ ದಾರಿ ಇರಲಿಲ್ಲ.

"ಯಾವ್ ಬೆಳೆ? ಬತ್ತವೋ, ಕಬ್ಬೋ?"

"ಭತ್ತ" ಎಂದೆ, ನನಗೇ ಕೇಳದಂತೆ.

ಅವರು ಅಕ್ಕಿ ವ್ಯಾಪಾರಿ. ಕೂಡಲೇ ಬೆರಳು ಮಡಿಸಿ ಲೆಕ್ಕಕ್ಕಿಳಿದರು. "ನಾಲೇಲಿ ಎರಡು ಬೆಳೆಗೂ ನೀರ್ ಬುಟ್ರೆ ಒಂದೂವರೆ ವರ್ಸ. ಒಂದೇ ಬೆಳೆಗೆ ಬುಟ್ರೆ ಮೂರ್ ವರ್ಸ. ಬುಡ್ದೇ ಓದ್ರೆ ನಿಮ್ ಮಗಳು ಇಲ್ಲೇ ಮುದ್ಕಿ ಆಯ್ತಾಳೆ! ಇದೇನವ್ವ, ನಮ್ಮನೆ ಬಾಡ್ಗೇನ ಡ್ಯಾಮಿಗೆ ತಗ್ಲಾಕ್ಬುಟ್ರಲ್ಲ!" ಎಂದು ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ಬೀಗದಕೈ ಕೊಟ್ಟು, "ಮಗಳು ಬರ್ಲಿ, ಕರಾರು ಅವಳ ಕೂಡೆ ಬರ್ಕೊತೀನಿ. ಅಲ್ಲೀಗಂಟ ನೀವು ವಸಿ ಗುಡಿಸಿ ಚೊಕ್ಕ ಮಾಡ್ಕೊಳಿ" ಎಂದು ಮಂಡಿಗೆ ಹೋದರು.

ಬೀಗದಕೈ ಕೈಗೆ ಬಂತು! ನಮ್ಮ ಕಡೆ ಹಾಗೆಂದರೆ ಮುಗಿಯಿತು. ಗದ್ದೆ ಕೈಗೆ ಬಂದ ಹಾಗೇ. ನನ್ನ ಎದೆ ಸ್ವಲ್ಪ ಹಗುರವಾಯಿತು. ಮನೆ ಗುಡಿಸಿದೆ, ತೊಳೆದೆ, ನೀರು ಚೆಲ್ಲಲು ಹಿತ್ತಲಿಗೆ ಹೋದೆ. ಅಲ್ಲೊಂದು ಬಾಳೆಗಿಡ. ಅದರಲ್ಲೊಂದು ಬಲಿತ ಗೊನೆ. ಕಾಂಪೌಂಡಿನ ಮೇಲೆ ಎರಡು ಕೋತಿ ಕುಳಿತು ಅದನ್ನೇ ನೋಡುತ್ತಿದ್ದವು.

ಬೆಳೆದ ಗೊನೆಯನ್ನು ಕೋತಿಗೆ ಬಿಟ್ಟರೆ ಹಿಡಿದವರಿಗೆ ಮರ್ಯಾದೆಯೇ? ಈಗಲೇ ಇಳಿಸಿ, ಅರ್ಧ ಗೊನೆ ಒಡೆಯರಿಗೆ ಕೊಟ್ಟರೆ, 'ನೋಡಪ್ಪ, ಎಂಥ ಅಚ್ಚುಕಟ್ಟಿನ ಜನ' ಎಂದುಕೊಳ್ಳುತ್ತಾರೆ. ಮಾತಿನಲ್ಲಿ ಕೆಟ್ಟದ್ದನ್ನು ಕೆಲಸದಲ್ಲಿ ಸರಿಮಾಡೋಣ! ಸೌದೆಯ ಮೂಲೆಯಲ್ಲಿ ಮಚ್ಚು ಸಿಕ್ಕಿತು. ಗೊನೆ ಇಳಿಸಿದೆ. ಗೊನೆ ಬಿಟ್ಟ ಬಾಳೆ ಮತ್ತೆ ಬಿಡುವುದಿಲ್ಲವಲ್ಲ, ಆದ್ದರಿಂದ ನಿಯಮದ ಪ್ರಕಾರ ಗಿಡವನ್ನೂ ಬುಡದಲ್ಲಿ ಕಡಿದೆ. ಬಹಳ ದಿನಗಳ ನಂತರ ಕೈಗೆ ಸುಖವೆನಿಸಿತು.

ಆಗ ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಒಂದು ಮುಖ ಮೂಡಿತು.

"ಅಯ್ಯೋ ಶಿವನೇ! ಕಡ್ದೇ ಬುಟ್ರಾ? ಗುರುಸಿದ್ದಮ್ಮೋರು ಯೋಳಿದ್ರಾ ಕಡೀರಿ ಅಂತ?"

"ಯಾರು ಗುರುಸಿದ್ದಮ್ಮ?"

"ಶಿವಣ್ಣೋರ ಎಂಡ್ರು ಕಣಮ್ಮ! ಅದು ಅಸಲು ರಸಬಾಳೆ. ಊರ್‌ನಾಗೆ ಎಲ್ಲಾರ ಗಿಡ ಸೊರಗಿ ಓದ್ರೂ ಅವರು ಮಗೀನಂಗೆ ಸಾಕಿದ್ರು. ಬರೋ ವಾರ ಮಗಳ ಸೀಮಂತ. ಬೀಗರ ಎಲೆಗೆ ನಮ್ ಇತ್ಲು ರಸಬಾಳೇನೇ ಬಡಿಸೋದು ಅಂತ ಮೂರ್ ತಿಂಗ್ಳಿಂದ ಯೋಳ್ಕೊಂಡ್ ತಿರುಗ್ತಾವ್ರೆ!"

ಮುಖ ಕೆಳಗಿಳಿಯಿತು. ಹೋಗುವ ಮುಂಚೆ, "ಎಂಗೂ ಕಡ್ದಾಯ್ತಲ್ಲ, ಎರಡು ಎಲೆ ಕೊಡಿ" ಎಂದು ಇಸಿದುಕೊಂಡೇ ಇಳಿಯಿತು.

ನಾನು ಮಚ್ಚನ್ನು ಕೆಳಗಿಟ್ಟೆ. ಮೂರು ಮನೆಯವರು ಜನ ಕೇಳಿ ಬಾಗಿಲು ಹಾಕಿದ್ದರು. ಏನೂ ಅನ್ನದೆ ಬಾಗಿಲು ತೆರೆದ ನಾಲ್ಕನೆಯವರ ಹಿತ್ತಲಿಗೆ ನಾನು ಮಚ್ಚು ಹಿಡಿದು ನುಗ್ಗಿದ್ದೆ! ಇದು ತಪ್ಪಿದರೆ ಸವಿತಾಗೆ ಇನ್ನು ಮನೆ ಇಲ್ಲ. ಮನೆ ಇಲ್ಲದಿದ್ದರೆ ರೈಲು ಇಲ್ಲ, ರೈಲು ಇಲ್ಲದಿದ್ದರೆ ಕಾಲೇಜು ಇಲ್ಲ. ನಂಬಿಕೆ ಇದೆಯಾ ಎಂದು ಕೇಳಿದ ಮಗಳಿಗೆ ತಾಯಿ ಕೊಟ್ಟ ಉತ್ತರ ಇದು!

ಅಷ್ಟರಲ್ಲಿ ಮುಂಭಾಗದ ಮನೆಯ ಹಿಂಬಾಗಿಲ ಚಿಲಕ ಸದ್ದಾಯಿತು. ಮುಂದೆ ನಾನು ಮಾಡಿದ್ದನ್ನು ಬುದ್ಧಿ ಇರುವ ಯಾರೂ ಮಾಡಲಾರರು. ಬಿದ್ದಿದ್ದ ಬಾಳೆಯನ್ನು ಎತ್ತಿ, ಅದರ ಬುಡದ ಮೇಲೆ ನೇರ ನಿಲ್ಲಿಸಿ, ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತೆ. ಗೊನೆಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ ಸೆರಗಿನ ಮರೆ ಮಾಡಿದೆ.

ಗುರುಸಿದ್ದಮ್ಮನವರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಕಾಫಿ. ಅವರ ಮನೆಯದೇ ಸ್ಟೀಲ್ ಲೋಟ, ಪ್ಲಾಸ್ಟಿಕ್ಕಿನದಲ್ಲ. ಆ ಗಾಬರಿಯಲ್ಲೂ ನನ್ನ ಕಣ್ಣು ಅದನ್ನು ನೋಡಿತು. ನೋಡಿ ಇನ್ನಷ್ಟು ಗಾಬರಿಯಾಯಿತು.

"ಯಾಕಮ್ಮ ಅಲ್ಲೇ ನಿಂತಿದ್ದೀರಿ? ಬನ್ನಿ, ಕಾಫಿ ತಗೊಳಿ."

"ಇಲ್ಲೇ... ತಂಪಾಗಿದೆ" ಎಂದೆ.

"ನಮ್ ಗಿಡ ಚೆನ್ನಾಗದಾ? ಎಲ್ಲಾರೂ ಅಂಗೇ ನೋಡ್ಕೊಂಡ್ ನಿಂತ್ಕೊತಾರೆ" ಎಂದು ಸಂತೋಷದಿಂದ ಅವರೇ ಹತ್ತಿರ ಬಂದರು. ಲೋಟ ಚಾಚಿದರು. ಕೊಟ್ಟ ಕಾಫಿ ಬೇಡವೆನ್ನುವುದುಂಟೇ? ಒಂದು ಕೈ ಬಿಟ್ಟು ಲೋಟ ಹಿಡಿದೆ. ಬಾಳೆ ಎಡಕ್ಕೆ ವಾಲಿತು. ನಾನೂ ಎಡಕ್ಕೆ ವಾಲಿದೆ. ಅದು ಬಲಕ್ಕೆ ವಾಲಿತು. ನಾನೂ ವಾಲಿದೆ. ಗುರುಸಿದ್ದಮ್ಮನವರ ಕಣ್ಣು ಮೇಲಿಂದ ಕೆಳಗಿಳಿದು ಬುಡದಲ್ಲಿ ನಿಂತಿತು. ನನಗೆ ಇನ್ನು ಶಕ್ತಿ ಇರಲಿಲ್ಲ.

ಬಿಟ್ಟೆ.

ಬಾಳೆ ಇಬ್ಬರ ನಡುವೆ ದೊಪ್ಪನೆ ಮಲಗಿತು. ಏನಾದರೂ ಒಳ್ಳೆಯ ಮಾತಾಡಬೇಕೆಂದು ನಾನು ಗೊನೆಯನ್ನು ಎಳೆದು ಅವರ ಮುಂದಿಟ್ಟು, "ಇದರಲ್ಲಿ ಅರ್ಧ ನಿಮ್ಮ ಪಾಲು" ಎಂದೆ!

"ನನ್ ಗಿಡದಾಗೆ ನಂಗೆ ಪಾಲಾ!" ಎಂಬ ಕೂಗಿಗೆ ಕಾಂಪೌಂಡಿನ ಕೋತಿಗಳೂ ಓಡಿಹೋದವು.

ಮಂಡಿಯಿಂದ ಶಿವಣ್ಣನವರು ಬಂದರು. ಗಿಡ ನೋಡಿದರು, ಮಚ್ಚು ನೋಡಿದರು, ನನ್ನನ್ನು ನೋಡಿದರು. "ಬತ್ತದ ಬೆಳೆ ಅಂದ್ಬುಟ್ಟು ಬಾಳೆಗೆ ಕೈ ಆಕಿದ್ರಲ್ಲವ್ವ!" ಎಂದರು. ಈ ಸಲ ನಗಲಿಲ್ಲ.

ಅದೇ ಹೊತ್ತಿಗೆ ರೈಲಿಳಿದ ಸವಿತಾ ಬಂದಳು. ಹೆಗಲಲ್ಲಿ ಚೀಲ, ಕಂಕುಳಲ್ಲಿ ದಪ್ಪ ಪುಸ್ತಕ. ನಡೆದದ್ದನ್ನು ಕೇಳಿ ಚೀಲ ಕೆಳಗಿಟ್ಟಳು. ಆಮೇಲೆ ಕೈಯೆತ್ತಿ, "ಅಮ್ಮಾ, ನೀನು ಒಂದು ಮಾತೂ ಆಡಬೇಡ" ಎಂದಳು. ಆಡಲು ನನ್ನಲ್ಲೇನು ಉಳಿದಿತ್ತು!

"ನೋಡಿ ಸಾರ್" ಎಂದು ಶುರುಮಾಡಿದಳು. "ನಮ್ಮಮ್ಮ ಮೂರು ಬೆಳೆಗೆ ಅಂದಿದ್ದಾರೆ. ಬೆಳೆ ಅಂದರೆ ಎಷ್ಟು ದಿನ ಅಂತ ಗೊತ್ತಾಗಲ್ಲ. ಅವಧಿ ಅನಿಶ್ಚಿತ. ಅನಿಶ್ಚಿತವಾದ ಕರಾರು ಕಾನೂನಿನ ಪ್ರಕಾರ ಅಸಿಂಧು. ಆದ್ದರಿಂದ ಕರಾರನ್ನು ಮೀರಿದ್ದಾರೆ ಅಂತ ನೀವು ನಮ್ಮಮ್ಮನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ!"

ನಾನು ಹೆಮ್ಮೆಯಿಂದ ಗುರುಸಿದ್ದಮ್ಮನವರ ಮುಖ ನೋಡಿದೆ. ಇಷ್ಟೇ ದಿನಗಳಲ್ಲಿ ಎಷ್ಟು ಕಲಿತಿದ್ದಾಳೆ!

ಶಿವಣ್ಣನವರು ಯೋಚಿಸಿದರು. "ಅಂಗಾರೆ ಕರಾರೇ ಆಗಿಲ್ಲ ಅನ್ನು."

"ಆಗಿಲ್ಲ ಸಾರ್!"

"ಅಂಗಾರೆ ಬೀಗದಕೈ ಕೊಡವ್ವ."

ಸವಿತಾ ಪುಸ್ತಕವನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಅವಳು ಗೆದ್ದ ಮೊದಲನೆಯ ಕೇಸು ಅದು. ಗೆದ್ದು ಮನೆ ಕಳೆದುಕೊಂಡಿದ್ದಳು! ಅವಳ ಮುಖ ಸಣ್ಣಗಾಯಿತು. ಕೆಳತುಟಿ ಕಚ್ಚಿಕೊಂಡಳು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಹಿಂದಿನ ಸಾಲಿಗೆ ಕಳಿಸಿದ ದಿನವೂ ಹೀಗೇ ತುಟಿ ಕಚ್ಚಿಕೊಂಡು ಬಂದಿದ್ದಳು.

ಆ ತುಟಿ ನೋಡಿ ನನಗೆ ಏನಾಯಿತೋ, ಬೇರೆಯವರ ಮುಂದೆ ಜೀವನದಲ್ಲಿ ಮೊದಲ ಸಲ ಯಾರೂ ಕೇಳದೆಯೇ ಮಾತನಾಡಿದೆ.

"ಬುಡದಲ್ಲಿ ಕಂದು ಇದೆ" ಎಂದೆ.

ಮೂವರೂ ತಿರುಗಿದರು. ಕಡಿದ ಬಾಳೆಯ ಪಕ್ಕದಲ್ಲಿ ಮೊಣಕಾಲೆತ್ತರದ ಮರಿ ನಿಂತಿತ್ತು. ನನ್ನ ಮಚ್ಚು ಅದನ್ನು ಹೇಗೋ ಉಳಿಸಿತ್ತು.

"ಆ ಕಂದನ್ನು ನಾನು ಸಾಕಿಕೊಡ್ತೀನಿ. ಭಾನುವಾರ ಭಾನುವಾರ ಬಂದು ಗೊಬ್ಬರ, ನೀರು ನಾನೇ ನೋಡ್ಕೊಳ್ತೀನಿ. ಅದು ಗೊನೆ ಬಿಡೋವರೆಗೂ ನನ್ನ ಮಗಳು ಇಲ್ಲಿ ಇರಲಿ. ಗೊನೆ ಪೂರ್ತಿ ನಿಮಗೇ. ನನಗೆ ಪಾಲು ಬೇಡ."

ಗುರುಸಿದ್ದಮ್ಮನವರು ಬಗ್ಗಿ ಗೊನೆಯ ಒಂದು ಕಾಯಿ ಒತ್ತಿ ನೋಡಿದರು. ಬಲಿತಿತ್ತು. ನನ್ನ ಸೆರಗು ನೋಡಿದರು, ಬಾಳೆಯ ರಸ ಬಿದ್ದು ಕಪ್ಪಾಗಿತ್ತು. ಅವರ ತುಟಿ ಅದುರಿತು. ಅಳುತ್ತಾರೆಂದು ನಾನು ಹೆದರಿದೆ. ಅವರು ನಕ್ಕುಬಿಟ್ಟರು!

"ರೀ, ಇವರು ಗಿಡಾನ ತಬ್ಕೊಂಡು ಕಾಫಿ ಇಸ್ಕೊಂಡ್ರು ಕಣ್ರೀ! ಮದ್ವೆ ಗಂಡಿನಂಗೆ!" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ ಬೆರಳೆತ್ತಿದರು. "ಕಾಗ್ದಕ್ಕೆ ಅನ್ನೊಂದು ತಿಂಗಳು ಬರ್ಕೊಳಿ. ನನ್ ಲೆಕ್ಕ ಬೇರೆ. ಗೊನೆ ಬುಡೋಗಂಟ ನಿಮ್ ಮಗಳು ಇರ್ಬೋದು. ಗಿಡ ಸತ್ರೆ ಮನೆ ಖಾಲಿ! ಈಗ ಕಾಫಿ ಕುಡೀರಿ, ಆರೋಯ್ತು."

ಕುಡಿದೆ. ತಣ್ಣಗಾಗಿತ್ತು, ಅದರಲ್ಲಿ ಬಾಳೆಯ ರಸವೂ ಬಿದ್ದಿತ್ತು. ಒಂದು ತೊಟ್ಟೂ ಬಿಡದೆ ಕುಡಿದೆ.

ಗೊನೆಯನ್ನು ಸೀಮಂತದ ಹೊತ್ತಿಗೆ ಹಣ್ಣು ಮಾಡಿಕೊಡುವ ಜವಾಬ್ದಾರಿಯನ್ನೂ ನಾನೇ ಹೊತ್ತೆ. ಹುಲ್ಲಿನಲ್ಲಿ ಮುಚ್ಚಿ ಹೊಗೆ ಹಾಕಿದೆ. ಆತಂಕಕ್ಕೆ ಹೊಗೆ ಸ್ವಲ್ಪ ಹೆಚ್ಚೇ ಆಯಿತು. ಬೀಗರು ತಿಂದದ್ದು ರಸಬಾಳೆಯೋ ಸುಟ್ಟ ಬದನೆಕಾಯಿಯೋ ಎಂಬುದು ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಅಂದಿನಿಂದ ನನ್ನ ಭಾನುವಾರಗಳು ಕಂದಿನ ಪಾಲು. ಮೊದಲು ಅದು ಸಾಯುತ್ತದೆಂಬ ಭಯ. ರಸಬಾಳೆಗೆ ಸೊರಗು ರೋಗ ಬಂದರೆ ಉಳಿಯುವುದಿಲ್ಲ. ಒಂದು ಎಲೆ ಹಳದಿಯಾದರೆ ಸಾಕು, ನನ್ನ ಕಣ್ಣಿಗೆ ಸವಿತಾಳ ಟ್ರಂಕು ಬೀದಿಯಲ್ಲಿ ಕಾಣಿಸುತ್ತಿತ್ತು. ಬೇವಿನ ಹಿಂಡಿ ಹಾಕಿದೆ, ಕೊಟ್ಟಿಗೆ ಗೊಬ್ಬರವನ್ನು ಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದೆ. ಅದರ ವಾಸನೆಗೆ ನನ್ನ ಪಕ್ಕದ ಸೀಟು ಸದಾ ಖಾಲಿ. ಗಿಡ ದಪ್ಪಗಾಯಿತು. ಎತ್ತರಕ್ಕೆ ಹೋಯಿತು. ಆಗ ಇನ್ನೊಂದು ಭಯ ಶುರುವಾಯಿತು. ಗೊನೆ ಬಿಟ್ಟರೆ ಅವಧಿ ಮುಗಿಯಿತಲ್ಲ! ಸವಿತಾ ಇನ್ನೂ ಎರಡನೇ ವರ್ಷದಲ್ಲಿದ್ದಾಳೆ. ಕೈಯಾರೆ ಗೊಬ್ಬರ ಹಾಕಿ, ನೀರು ಕಟ್ಟಿ, ಆಮೇಲೆ ಅದೇ ಗಿಡದ ಮುಂದೆ ನಿಂತು 'ದಯವಿಟ್ಟು ಹೂ ಬಿಡಬೇಡ' ಎಂದು ಬೇಡಿಕೊಂಡ ರೈತ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನೀವು ಬಂದ ಭಾನುವಾರ ಗಿಡದ ನೆತ್ತಿಯಲ್ಲಿ ಒಂದು ಗಿಡ್ಡ ಎಲೆ ಕಂಡಿತು. ಅದು ಬಂದರೆ ಹಿಂದೆಯೇ ಹೂ ಬರುತ್ತದೆ. ನನ್ನ ಕೂಗಿನಲ್ಲಿ ಅದೂ ಸೇರಿತ್ತು. ನೀವು ಹೊರಟ ಮೇಲೆ ನಾನು ಗಿಡದ ಬುಡದಲ್ಲಿ ಕುಳಿತೇ ಇದ್ದೆ. ಗುರುಸಿದ್ದಮ್ಮನವರು ಕಾಫಿ ತಂದರು.

"ಹೂ ಬರುತ್ತೆ ಅನ್ಸುತ್ತೆ" ಎಂದೆ. "ಮಗಳ ಓದು ಇನ್ನೂ ಮುಗಿದಿಲ್ಲ..." ಮುಂದಿನ ಮಾತು ಎಂದಿನಂತೆ ದಾರಿ ತಪ್ಪಿತು.

ಅವರು ನನ್ನನ್ನೇ ನೋಡಿದರು. "ಇಷ್ಟ್ ದಿನ ಇದಕ್ಕಾ ಮುಖ ಇಳಿಬುಟ್ಕೊಂಡ್ ಓಡಾಡ್ತಿದ್ದದ್ದು? ಬುಡ ನೋಡಿ ವಸಿ. ಇನ್ನೆರಡು ಕಂದು ಎದ್ದವೆ. ಮೂರ್ ಬೆಳೆಗೆ ಅಂತ ಮೊದಲ್ನೇ ದಿನ ನೀವೇ ಅಲ್ವಾ ನಮ್ಮೋರ್ ತಾವ ಅಂದಿದ್ದು? ಇದು ಒಂದ್ನೇದು. ಮೂರಾಗೋಗಂಟ ಯಾರ್ರೀ ಬುಡ್ಸೋರು?"

ಸಂಜೆ ಸವಿತಾಗೆ ಹೇಳಿದೆ. ಅವಳು ಲೆಕ್ಕ ಹಾಕಿದಳು. ಮೂರು ಗೊನೆ ಎಂದರೆ ಓದು ಮುಗಿದ ಮೇಲೂ ಇನ್ನೂ ಒಂದಿಷ್ಟು ದಿನ ಉಳಿಯುತ್ತದೆ. "ಇಂಥ ಕರಾರು ಯಾವ ಕೋರ್ಟಿನಲ್ಲೂ ನಿಲ್ಲಲ್ಲಮ್ಮ" ಎಂದಳು. ಪುಸ್ತಕ ಮುಚ್ಚಿಟ್ಟು, "ಆದರೆ ಅಷ್ಟು ಗಾಬರಿಯಲ್ಲೂ ನಿನ್ನ ಬಾಯಲ್ಲಿ ಬಂದದ್ದು ಮೂರೇ, ಅಲ್ವಾ?" ಎಂದಳು. ನಾನು ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದೆ. ಈ ಸಲ ಅವಳು ನಕ್ಕಳು.

ಮಕ್ಕಳೇ, ಗುರುಸಿದ್ದಮ್ಮನವರ ಆ ಮಾತು ಬೇರೆಲ್ಲೂ ಬರೆದಿಲ್ಲ, ಇಲ್ಲಿ ಮಾತ್ರ ಇದೆ. ಆದ್ದರಿಂದ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಳೆನೀರು ತಾಗದಂತೆ, ಇಲಿ ಕಡಿಯದಂತೆ. ಆದರೆ ನಿಮ್ಮತ್ತೆ ಕರಿಕೋಟು ಹಾಕಿದ ಮೇಲೆ ಅವಳ ಕೈಗೆ ಕೊಡಬೇಡಿ. ಪರರ ಹಿತ್ತಲಿಗೆ ನುಗ್ಗಿ, ಮಚ್ಚು ಹಿಡಿದು, ಬಾಳೆ ಕಡಿದು, ಸೆರಗಿನಲ್ಲಿ ಗೊನೆ ಬಚ್ಚಿಟ್ಟೆ ಎಂದು ನಾನೇ ಕೈಯಾರೆ ಬರೆದುಕೊಟ್ಟಿದ್ದೇನೆ. ಅವಳು ಗೆಲ್ಲುವ ಎರಡನೆಯ ಕೇಸು ನನ್ನ ಮೇಲಿನದೇ ಆದೀತು!